ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ

ನನ್ನ ತಮ್ಮ ಯೆರ್ಮೆಕ್‌ನನ್ನು ಪೊಲೀಸರು ಕರೆದುಕೊಂಡು ಹೋದ ದಿನದಿಂದ ನಾನು ಒಂದು ಹನಿಯೂ ಅತ್ತಿಲ್ಲ. ಅಳಬಾರದೆಂಬ ಹಟವೇನೂ ಇರಲಿಲ್ಲ, ಬರಲಿಲ್ಲ ಅಷ್ಟೇ. ಕಾಲು ಮಡಚಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ನನಗೆ ಮೈಯೆಲ್ಲ ಹಾಗೆ ಹಿಡಿದಿತ್ತು. ಬೆಳಿಗ್ಗೆ ಎದ್ದು ಹಾಲು ಹಾಕಿದ ಚಹಾ ಕುಡಿದು ಬಸ್ಸು ಹತ್ತುತ್ತಿದ್ದೆ, ಪೈಪಿನ ಕಾರ್ಖಾನೆಗೆ ಹೋಗಿ ಅಲ್ಲಿನ ಪ್ರಯೋಗಾಲಯದಲ್ಲಿ ನನ್ನ ಕೆಲಸ ಮಾಡುತ್ತಿದ್ದೆ, ಸಂಜೆ ಬಂದು ಅಮ್ಮನ ಬೈಗುಳ ತಿಂದು ಮಲಗುತ್ತಿದ್ದೆ. ನೆಂಟರು ಬಂದು ಸಮಾಧಾನ ಹೇಳಿದರೆ ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಒಳಗಿಳಿಯುತ್ತಿರಲಿಲ್ಲ.

ನಡೆದದ್ದು ಇಷ್ಟು. ನಮ್ಮೂರು ಕರಗಂಡಿಯಿಂದ ನಲವತ್ತು ಕಿಲೋಮೀಟರ್ ಆಚೆ ಕೊಕ್ಸಾಯ್ ಎಂಬ ಹಳ್ಳಿ. ಹುಟ್ಟಿದಾಗಿನಿಂದ ಕಲ್ಲಿದ್ದಲಿನ ಒಲೆಯ ಮುಂದೆ ಕೆಮ್ಮಿಕೊಂಡು ಬದುಕಿದ ಜನ. ಕೊನೆಗೂ ಹಿಂದಿನ ವರ್ಷದ ನವೆಂಬರಿನಲ್ಲಿ ಅಲ್ಲಿಗೆ ಗ್ಯಾಸಿನ ಪೈಪು ಬಂತು. ಪೈಪು ನಮ್ಮ ಕಾರ್ಖಾನೆಯದು. ಬೆಸೆದವನು ನನ್ನ ತಮ್ಮ. ಎರಡು ಪ್ಲಾಸ್ಟಿಕ್ ಪೈಪುಗಳ ಬಾಯಿಯನ್ನು ಕಾದ ತಟ್ಟೆಗೆ ಒತ್ತಿ ಕರಗಿಸಿ, ತಟ್ಟೆ ತೆಗೆದು, ಒಂದಕ್ಕೊಂದು ಅಮುಕಿ ಹಿಡಿದು, ಆರುವ ತನಕ ಅಲುಗಾಡಿಸದೆ ಕಾಯುವುದು ಅವನ ಕಸುಬು. ಈ ವರ್ಷದ ಜನವರಿಯಲ್ಲಿ ಅವನ ಒಂದು ಬೆಸುಗೆಯ ಅಂಚಿನಲ್ಲೇ ಪೈಪು ಸೀಳಿತು. ನೆಲ ಒಂದಾಳು ಆಳದ ತನಕ ಹೆಪ್ಪುಗಟ್ಟಿತ್ತು, ಗ್ಯಾಸಿಗೆ ಮೇಲೆ ಬರಲು ದಾರಿಯಿಲ್ಲ. ಮಣ್ಣಿನ ಅಡಿಯಲ್ಲೇ ಹರಿದು ಕಾಯಿರ್‌ಗೆಲ್ದಿ ಎಂಬವರ ಮನೆಯ ನೆಲಮಾಳಿಗೆ ತುಂಬಿತು. ಅವರ ಮಗಳು ಇಂಕಾರ್, ಒಂಬತ್ತು ವರ್ಷದವಳು, ಅಮ್ಮ ಹೇಳಿದಳೆಂದು ಆಲೂಗಡ್ಡೆ ತರಲು ಇಳಿದು ದೀಪದ ಸ್ವಿಚ್ಚು ಒತ್ತಿದಳು.

ಯೆರ್ಮೆಕ್ ಒಂದು ದಿನವೂ ಅಲ್ಲಗಳೆಯಲಿಲ್ಲ. ಅವತ್ತು ಗಾಳಿ ಕೊರೆಯುತ್ತಿತ್ತು, ಹನ್ನೆರಡು ನಿಮಿಷ ಆರಲು ಬಿಡಬೇಕಾದ ಬೆಸುಗೆಯನ್ನು ಎಂಟಕ್ಕೇ ಬಿಚ್ಚಿದೆ, ಹಾಗೆ ಎಷ್ಟು ಬಿಚ್ಚಿದೆನೋ ಲೆಕ್ಕವಿಲ್ಲ, ಎಂದು ತಾನೇ ಹೇಳಿ ಸಹಿ ಹಾಕಿದ. ವಕೀಲ ತಲೆ ಚಚ್ಚಿಕೊಂಡ. ಏಳು ವರ್ಷ ಆಗಬಹುದು ಎಂದ.

ನನಗೆ ಕೋಪ ಮೂಗಿನ ತುದಿಯಲ್ಲೇ. ಬೇರೆಲ್ಲ ಜೋಮು ಹಿಡಿದರೂ ಅದೊಂದು ಹಿಡಿದಿರಲಿಲ್ಲ. ಫೆಬ್ರವರಿಯಲ್ಲಿ ಅವನನ್ನು ನೋಡಲು ಜೈಲಿಗೆ ಹೋದೆ. ಗಾಜಿನ ಆಚೆ ಕೂತು ಫೋನು ಎತ್ತಿಕೊಂಡ. ಗಡ್ಡ ಬಂದಿತ್ತು.

"ಅಕ್ಕಾ, ತಿನ್ನೋಕೆ ತಂದ್ಯಾ?"

"ತಂದಿದೀನಿ. ಹಿಟ್ಟಿನ ಬಾವುರ್ಸಾಕ್ ಕರಿದು ತಂದಿದೀನಿ, ಕುದುರೆ ಮಾಂಸ ಇದೆ. ಒಳಗೆ ಕೊಟ್ಟಿದೀನಿ, ಕೇಳಿ ಇಸ್ಕೋ."

"ಅಮ್ಮ?"

"ಬರಲ್ಲ ಅಂದ್ಳು. ಕೊಕ್ಸಾಯ್‌ಗೆ ಹೋಗಿದ್ಲು, ಆ ಮಗು ಮನೆಗೆ, ದುಃಖ ಕೇಳೋಕೆ. ಒಂದು ಗಂಟೆ ಬಾಗಿಲಲ್ಲೇ ನಿಂತಿದ್ಲಂತೆ. ಆ ಮನೆಯವರು ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಾನೂ ಅನ್ನಲಿಲ್ಲ. ವಾಪಸ್ ಬಂದ್ಳು."

ಅವನು ತಲೆ ಬಗ್ಗಿಸಿದ. ಅಷ್ಟಕ್ಕೇ ಸುಮ್ಮನಿರಬಾರದೇ ನಾನು?

"ನಾಲ್ಕು ನಿಮಿಷ ಕಣೋ. ನಾಲ್ಕು ನಿಮಿಷ ಕಾಯೋಕೆ ನಿನಗೇನು ದಾಡಿ ಬಂದಿತ್ತು? ಹುಟ್ಟಿದಾಗಿಂದ ನಿಂದು ಇದೇ ಆಯ್ತು. ಚಹಾ ಆರೋ ತನಕ ಕಾಯಲ್ಲ, ಬಸ್ ನಿಲ್ಲೋ ತನಕ ಕಾಯಲ್ಲ."

"ಕೈ ಮರಗಟ್ಟಿತ್ತಕ್ಕಾ."

"ಕೈ ಮರಗಟ್ಟಿದ್ರೆ ಕೈ ಉಜ್ಕೋಬೇಕು. ಇನ್ನೊಬ್ರ ಮಗೂನ ಕೊಲ್ಲೋದಾ?"

ಕೊಲ್ಲೋದಾ ಎಂದೆ. ನನ್ನ ಬಾಯಿಂದಲೇ ಬಂತು. ಅವನು ಫೋನನ್ನು ಮೆಲ್ಲಗೆ ಕೊಕ್ಕೆಗೆ ಸಿಕ್ಕಿಸಿ ಎದ್ದು ಹೋದ. ಮುಂದಿನ ಎರಡು ಸಲ ಹೋದಾಗ ಭೇಟಿಗೆ ಬರಲಿಲ್ಲ, ಬುತ್ತಿ ಮಾತ್ರ ತೆಗೆದುಕೊಂಡ.

ಏಪ್ರಿಲ್ ಬಂತು, ಹಿಮ ಕರಗಿ ರಸ್ತೆಯೆಲ್ಲ ಕೆಸರು. ಒಂದು ಸಂಜೆ ಅಮ್ಮ ಹಿಟ್ಟು ಲಟ್ಟಿಸುತ್ತಾ ಶುರು ಮಾಡಿದಳು.

"ಏನೇ, ಆ ಪೈಪು ನಿಮ್ಮದೇ ತಾನೇ?"

"ನಮ್ಮದೇ."

"ಪೈಪೇ ಕೆಟ್ಟದಿದ್ರೆ?"

"ಅಮ್ಮಾ, ತಲೆ ತಿನ್ನಬೇಡ. ಆ ಪ್ಲಾಸ್ಟಿಕ್ ಕಾಳು ಲಾರಿಯಿಂದ ಇಳಿದಾಗ ಪರೀಕ್ಷೆ ಮಾಡಿದ್ದೇ ನಾನು. ಚೆನ್ನಾಗಿತ್ತು. ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಇದೆ."

"ಇನ್ನೊಂದು ಸಲ ನೋಡು."

"ನೋಡಿದ್ದನ್ನೇ ಎಷ್ಟು ಸಲ ನೋಡೋದು? ನಿನ್ನ ಮಗ ತಪ್ಪು ಮಾಡಿದಾನೆ. ಅವನೇ ಒಪ್ಕೊಂಡಿದಾನೆ. ನೀನೊಬ್ಬಳು ಒಪ್ಕೋ."

"ಹೆತ್ತವಳು ಹೇಳ್ತಿದೀನಿ. ನೋಡು ಅಂದ್ರೆ ನೋಡು. ನಿನಗೇನು ಕೈ ಸವೆಯುತ್ತಾ?"

ಲಟ್ಟಣಿಗೆ ತೋರಿಸಿಯೇ ಹೇಳಿದಳು. ಆಯ್ತು ಮಾರಾಯ್ತಿ, ನೋಡ್ತೀನಿ, ಆಮೇಲಾದರೂ ಬಾಯಿ ಮುಚ್ಕೊಂಡಿರು ಎಂದೆ. ನಿಜ ಹೇಳುತ್ತೇನೆ, ತಮ್ಮನನ್ನು ಬಿಡಿಸಬೇಕೆಂದು ನಾನು ಆ ಪರೀಕ್ಷೆ ಮಾಡಲಿಲ್ಲ. ತಪ್ಪು ಅವನದೇ ಎಂದು ಅಮ್ಮನಿಗೆ ತೋರಿಸಿ ಅವಳ ಬಾಯಿ ಮುಚ್ಚಿಸಲಿಕ್ಕೆ ಮಾಡಿದೆ.

ನಮ್ಮಲ್ಲಿ ಪೈಪು ಮಾಡಲು ಬರುವ ಪ್ರತಿ ಲಾರಿಯ ಕಾಳಿನಿಂದ ಒಂದು ಡಬ್ಬಿ ತುಂಬಿ, ದಿನಾಂಕ ಬರೆದು, ಮೂರು ವರ್ಷ ಬೀರುವಿನಲ್ಲಿ ಇಡುತ್ತೇವೆ. ಕೊಕ್ಸಾಯ್ ಪೈಪಿನ ಡಬ್ಬಿ ಕೆಳಗಿನ ಸಾಲಿನಲ್ಲಿತ್ತು: ಹಿಂದಿನ ವರ್ಷದ ಅಕ್ಟೋಬರ್ ಹದಿನಾಲ್ಕು. ಪರೀಕ್ಷೆಯ ಮಿಷನ್ನು ಎಂದರೆ ನೆಟ್ಟಗೆ ನಿಲ್ಲಿಸಿದ ಒಂದು ಉಕ್ಕಿನ ಕೊಳವೆ, ಕೆಳಗೆ ಸಣ್ಣ ತೂತು. ಒಳಗೆ ನೂರತೊಂಬತ್ತು ಡಿಗ್ರಿ ಶಾಖ. ಒಂದು ಚಮಚ ಕಾಳು ಹಾಕಿ ಕರಗಿಸಿ, ಮೇಲೆ ಭಾರ ಇಟ್ಟು, ತೂತಿನಿಂದ ಇಳಿಯುವ ಎಳೆಯನ್ನು ಗಡಿಯಾರ ನೋಡಿ ಕತ್ತರಿಸಿ ತೂಗಬೇಕು. ಹತ್ತು ನಿಮಿಷಕ್ಕೆ ಎಷ್ಟು ಗ್ರಾಂ, ಅಷ್ಟೇ ಉತ್ತರ. ಪ್ಲಾಸ್ಟಿಕ್ಕಿನ ಅಣುಗಳು ಉದ್ದುದ್ದ ಇದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ನಿಧಾನ ಇಳಿಯುತ್ತವೆ. ಗಿಡ್ಡ ಇದ್ದರೆ ಬೇಗ ಇಳಿಯುತ್ತವೆ. ಗ್ಯಾಸಿನ ಪೈಪಿಗೆ ಉದ್ದದ್ದೇ ಬೇಕು, ಐವತ್ತು ವರ್ಷ ಮಣ್ಣಿನಲ್ಲಿ ಬಿರಿಯದೆ ಮಲಗಿರಬೇಕಲ್ಲ. ಐದು ಕಿಲೋ ಭಾರ ಇಟ್ಟಾಗ ಅರ್ಧ ಗ್ರಾಮಿಗಿಂತ ಕಡಿಮೆ ಬರಬೇಕು.

ಒಂದೂಕಾಲು ಗ್ರಾಂ ಬಂತು.

"ಥೂ ನಿನ್ನ!" ಎಂದು ಮಿಷನ್ನಿಗೇ ಬೈದೆ. ಕೊಳವೆ ಉಜ್ಜಿ, ತೂತಿಗೆ ಕಡ್ಡಿ ಹಾಕಿ ತೆಗೆದು, ಆ ವಾರ ಬಂದ ಒಳ್ಳೆಯ ಕಾಳು ಹಾಕಿ ನೋಡಿದೆ. 0.28. ಮಿಷನ್ನು ಸರಿಯಿದೆ. ಮತ್ತೆ ಆ ಡಬ್ಬಿಯ ಕಾಳು ಹಾಕಿದೆ. ಮತ್ತೆ ಒಂದೂಕಾಲು. ಇದು ಪೈಪಿನ ಕಾಳೇ ಅಲ್ಲ, ಚೀಲ, ತೆಳು ಹಾಳೆ ಮಾಡುವ ಕಾಳು. ಹಳೆಯ ಪುಸ್ತಕ ತೆಗೆದೆ. ಅಕ್ಟೋಬರ್ ಹದಿನಾಲ್ಕು, ನನ್ನ ಕೈಬರಹ: ಭಾರ 5 ಕಿಲೋ, ಹತ್ತು ನಿಮಿಷಕ್ಕೆ 0.31. ಪಕ್ಕದಲ್ಲಿ ಕಾಳು ಕಳಿಸಿದವರ ಪ್ರಮಾಣಪತ್ರ ಪಿನ್ನು ಹಾಕಿ ಇಟ್ಟಿದ್ದೆ. ಅದರಲ್ಲೂ 0.31. ಎರಡೂ ತಾಳೆಯಾಗಿದೆ ಎಂದು ಸಂತೋಷದಿಂದ ಗೀಟು ಬೇರೆ ಎಳೆದಿದ್ದೆ. ಪ್ರಮಾಣಪತ್ರದ ಕೊನೆಯ ಅಂಕಣವನ್ನು ಆ ದಿನ ಓದಿರಲಿಲ್ಲ, ಈಗ ಓದಿದೆ. ಅವರು ಅಳೆದದ್ದು ಐದು ಕಿಲೋ ಇಟ್ಟಲ್ಲ, 2.16 ಇಟ್ಟು.

ಅವರು ಬೇರೆ ಕಾಳು ಕಳಿಸಿದ್ದು ಅವರ ತಪ್ಪು. ಸರಿ. ಆದರೆ ನಾನು ಐದು ಕಿಲೋ ಇಟ್ಟು ಅಳೆದಿದ್ದರೆ ನನಗೆ ಒಂದೂಕಾಲು ಬರಬೇಕಿತ್ತಲ್ಲ, 0.31 ಹೇಗೆ ಬಂತು? ದಿನಾಂಕವನ್ನು ಇನ್ನೊಮ್ಮೆ ನೋಡಿದೆ. ಅಕ್ಟೋಬರ್ ನಡುವಿನ ವಾರ. ಎಲೆಕೋಸಿನ ವಾರ.

ಇದನ್ನು ಹೇಗೆ ಹೇಳಲಿ. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಎಮ್ಮಾ ಫ್ರಿಡ್ರಿಖೊವ್ನಾ, ಕರಗಂಡಿಯ ಹಳೇ ಜರ್ಮನ್ ಮನೆತನದವರು. ಬಳಗವೆಲ್ಲ ಜರ್ಮನಿಗೆ ಹೋದರೂ ಇವರು ಹೋಗಲಿಲ್ಲ. ಪ್ರತಿ ಅಕ್ಟೋಬರಿನಲ್ಲಿ ಪ್ರಯೋಗಾಲಯದ ಮೂಲೆಯಲ್ಲಿ ಎಲೆಕೋಸು ಹುಳಿ ಹಾಕುತ್ತಾರೆ. ನಿಯಮದ ಪ್ರಕಾರ ಆ ಕೋಣೆಯ ಹವೆ ವರ್ಷವಿಡೀ ಇಪ್ಪತ್ತಮೂರು ಡಿಗ್ರಿ ಇರಲೇಬೇಕು, ಎಲೆಕೋಸಿಗೂ ಅಷ್ಟೇ ಹದ. ಮನೆಯಲ್ಲಿ ಒಂದು ವಾರ ಹಿಡಿಯುವುದು ಇಲ್ಲಿ ಮೂರೇ ದಿನಕ್ಕೆ ಹುಳಿಯೇರುತ್ತದೆ. ಹೆಚ್ಚಿ, ಉಪ್ಪು ಹಾಕಿ, ಕ್ಯಾರೆಟ್ ತುರಿದು, ಬಕೆಟ್ಟಿಗೆ ತುಂಬಿ, ಮೇಲೊಂದು ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಭಾರ ಹೇರಬೇಕು. ಬೀದಿಯ ಕಲ್ಲಿಗಿಂತ ನಮ್ಮ ಮಿಷನ್ನಿನ ದೊಡ್ಡ ಬಿಲ್ಲೆ ಚೊಕ್ಕಟ, ತುಕ್ಕು ಹಿಡಿಯದ ಉಕ್ಕು. ಮಿಷನ್ನಿನ ಚಿಕ್ಕ ಭಾರ 2.16 ಕಿಲೋ, ಅದಕ್ಕೆ ಆ ಬಿಲ್ಲೆ ಸೇರಿದರೆ ಐದು ಕಿಲೋ. ಆ ಮೂರು ದಿನ ಐದು ಕಿಲೋದ ಪರೀಕ್ಷೆ ಯಾರೂ ಮಾಡುವಂತಿಲ್ಲ, ಹಾಗೆಂದು ಬಾಗಿಲಿಗೆ ಚೀಟಿ ಅಂಟಿಸುವವಳೂ ನಾನೇ. ಹದಿನೈದು ವರ್ಷದಿಂದ ಹಾಗೇ ನಡೆದಿತ್ತು. ಎಲ್ಲರ ಮನೆಗೂ ಒಂದೊಂದು ಡಬ್ಬಿ ಹೋಗುತ್ತಿತ್ತು.

ಹದಿನಾಲ್ಕರಂದು ಏನಾಯಿತು? ಲಾರಿಯವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದದ್ದು ನೆನಪಿದೆ. ಇಳಿಸಬೇಕೋ ಬೇಡವೋ ಹೇಳಿ ಎಂದು ಗೋದಾಮಿನವರು ಮೂರು ಸಲ ಫೋನು ಮಾಡಿದ್ದು ನೆನಪಿದೆ. ಅದು ಬಿಟ್ಟರೆ ಏನೂ ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಕೈ ಭಾರ ಎತ್ತಿಟ್ಟದ್ದು ನೆನಪಿಗೆ ಬರುತ್ತಿಲ್ಲ. ದಿನಕ್ಕೆ ಹತ್ತು ಸಲ ಮಾಡುವ ಕೆಲಸ, ಕೈ ಮಾಡಿತು, ಪುಸ್ತಕದಲ್ಲಿ ಐದು ಎಂದು ಬರೆಯಿತು.

ದೊಡ್ಡ ಬಿಲ್ಲೆ ತೆಗೆದಿಟ್ಟು, ಚಿಕ್ಕ ಭಾರದಲ್ಲೇ ಆ ಕಾಳನ್ನು ಇಳಿಸಿದೆ. 0.31. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

ಎದೆ ಧಸಕ್ ಎನ್ನಬೇಕಿತ್ತು. ಅನ್ನಲಿಲ್ಲ. ತುಂಡುಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಜೋಡಿಸಿ, ಪಕ್ಕದ ಕೋಣೆಯಲ್ಲಿದ್ದ ಎಮ್ಮಾ ಫ್ರಿಡ್ರಿಖೊವ್ನಾ ಅವರ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪುಸ್ತಕ ನೋಡಿದರು, ಪ್ರಮಾಣಪತ್ರ ನೋಡಿದರು, ದಿನಾಂಕ ನೋಡಿದರು. ವಿವರಿಸುವ ಅಗತ್ಯ ಬೀಳಲಿಲ್ಲ. ಕನ್ನಡಕ ತೆಗೆದಿಟ್ಟರು.

"ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ನೋಡಮ್ಮಾ. ಈ ಶರತ್ಕಾಲಕ್ಕೆ ನಾನು ನಿವೃತ್ತಿ. ನಿನಗಿನ್ನೂ ನಲವತ್ತೊಂದು. ಡಬ್ಬಿಗಳು ಹಳೇವು, ಮುಚ್ಚಳ ಸಡಿಲ. ಕೈ ಜಾರಿ ಬಿದ್ದು ಚೆಲ್ಲಿ ಹೋಯ್ತು ಅಂದ್ರೆ ಯಾರು ಕೇಳ್ತಾರೆ? ನಿನ್ನ ತಮ್ಮ ಹೇಗೂ ಒಪ್ಕೊಂಡಿದಾನೆ. ಬೇಗ ಬಿಚ್ಚಿದ್ದು ಸುಳ್ಳೇನೂ ಅಲ್ಲವಲ್ಲ."

"ಬೇಗ ಬಿಚ್ಚಿದ್ರೂ ಒಳ್ಳೇ ಪೈಪು ಎರಡೇ ತಿಂಗಳಿಗೆ ಹೀಗೆ ಸೀಳ್ತಿತ್ತಾ?"

ಅವರು ಪ್ರಮಾಣಪತ್ರವನ್ನು ನನ್ನ ಕಡೆ ಸರಿಸಿದರು. ಈ ಕಸುಬಿನಲ್ಲಿ ಸುಳ್ಳು ಹೇಳುವುದು ಅವರಿಗೆ ಬಾರದು. "ಕೂತ್ಕೋ, ಚಹಾ ಹಾಕ್ತೀನಿ," ಎಂದರು. ಚಹಾ ಹಾಕಿದರು. ಇಬ್ಬರೂ ಕುಡಿಯಲಿಲ್ಲ.

"ಹೋಗು," ಎಂದರು ಕೊನೆಗೆ. "ಹೋಗಿ ಹೇಳು. ಎಲೆಕೋಸು ನಂದು ಅಂತಾನೂ ಹೇಳು, ಬಿಡಬೇಡ."

ತನಿಖಾಧಿಕಾರಿ ಸಮಾತ್ ಚಿಕ್ಕ ವಯಸ್ಸಿನವನು, ಮೇಜಿನ ತುಂಬ ಕಡತ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಪೆನ್ನು ಕಚ್ಚಿದ.

"ಒಂದು ನಿಮಿಷ. ಜಾಸ್ತಿ ಬಂದ್ರೆ ಒಳ್ಳೇದಾ, ಕಡಿಮೆ ಬಂದ್ರೆ ಒಳ್ಳೇದಾ?"

"ಕಡಿಮೆ."

"ಅದ್ಯಾಕೆ?"

"ನಿಮ್ಮಮ್ಮ ಕೆಸ್ಪೆ ಮಾಡ್ತಾರಲ್ಲ, ಆ ಉದ್ದ ಸೇವಿಗೆ. ತೂತಿನ ಸೌಟಲ್ಲಿ ಎತ್ತಿದ್ರೆ ಸಿಕ್ಕಿಕೊಂಡು ಜೋತಾಡುತ್ತೆ, ಇಳಿಯಲ್ಲ. ಪುಡಿ ಪುಡಿ ಮಾಡಿ ಹಾಕಿದ್ರೆ ಸುರಿದು ಹೋಗುತ್ತೆ. ಸೀಳಿದ ಪೈಪು ಪುಡಿ ಸೇವಿಗೆ."

"ಹೂಂ. ಮತ್ತೆ ಆ ಭಾರ ಯಾಕೆ ಇಡಲಿಲ್ಲ?"

"ಎಲೆಕೋಸಿನ ಮೇಲಿತ್ತು."

ಪೆನ್ನು ನಿಂತಿತು. "ಎಲೆಕೋಸಾ?"

"ಎಲೆಕೋಸು. ಬರ್ಕೊಳ್ಳಿ."

ಅವನಿಗೆ ನಗು ಬಂತು, ತಡೆದುಕೊಂಡ, ಆಮೇಲೆ ನನ್ನ ಮುಖ ನೋಡಿ ಅವನ ಮುಖವೇ ಸಪ್ಪೆಯಾಯಿತು. "ಅಕ್ಕಾ, ನಾಳೆ ಕೋರ್ಟಲ್ಲಿ ಏನಂತಾರೆ ಗೊತ್ತಾ? ತಮ್ಮನ್ನ ಉಳಿಸೋಕೆ ಅಕ್ಕ ಕಥೆ ಕಟ್ಟಿದ್ಲು ಅಂತಾರೆ. ನೀವಿಬ್ರೂ ಎದುರುಬದುರು ಕೂತು ಹೇಳ್ಬೇಕಾಗುತ್ತೆ."

ಎದುರುಬದುರು ಕೂರಿಸಿದರು. ಯೆರ್ಮೆಕ್‌ನ ಕೈಗೆ ಬೇಡಿ, ಪಕ್ಕದಲ್ಲಿ ಪೇದೆ. ನಾನು ಮೊದಲಿನಿಂದ ಕೊನೆಯ ತನಕ ಇನ್ನೊಮ್ಮೆ ಹೇಳಿದೆ. ಕೇಳಿ ಅವನ ಮುಖ ಅರಳುತ್ತದೆ ಎಂದುಕೊಂಡಿದ್ದೆನೋ ಏನೋ. ಅವನು ಸಿಡಿದುಬಿದ್ದ.

"ಸುಳ್ಳು ಹೇಳ್ತಿದಾಳೆ ಸಾರ್, ಬರ್ಕೋಬೇಡಿ. ಚಿಕ್ಕಂದಿನಿಂದ ಹೀಗೇ ಇವಳು. ಪಕ್ಕದ್ಮನೆ ಕಿಟಕಿ ಗಾಜು ನಾನು ಒಡೆದ್ರೆ ನಾನೇ ಒಡೆದೆ ಅಂತ ಏಟು ತಿಂದೋಳು. ಸ್ಕೂಲಲ್ಲಿ ನಾನು ಕದ್ರೆ ನಾನೇ ಕದ್ದೆ ಅಂದೋಳು. ಅಕ್ಕಾ, ಇದು ಕಿಟಕಿ ಗಾಜಲ್ಲ ಕಣೇ. ಸುಮ್ನೆ ಮನೆಗೆ ಹೋಗು."

"ಸುಳ್ಳಲ್ಲ ಕಣೋ."

"ಮತ್ತೆ ಅವತ್ತು ಜೈಲಲ್ಲಿ ಬೈದೆಯಲ್ಲ? ಕೊಂದೆ ಅಂದೆಯಲ್ಲ? ಅವತ್ತು ನಿಜ ಹೇಳಿದೆ ನೀನು. ಇವತ್ತು ಅಮ್ಮ ಅತ್ತು ಕರೆದು ಕಳ್ಸಿದಾಳೆ."

"ಅವತ್ತು ನನಗೆ ಗೊತ್ತಿರಲಿಲ್ಲ."

"ನನಗೆ ಗೊತ್ತು. ಬಿಚ್ಚಿದ್ದು ಈ ಕೈ." ಬೇಡಿಯ ಕೈಗಳೆರಡನ್ನೂ ಮೇಜಿನ ಮೇಲಿಟ್ಟ. "ಮೂರು ತಿಂಗಳಿಂದ ದಿನಾ ಆ ಮಗು ಮೆಟ್ಟಿಲು ಇಳಿಯೋದು ಕಾಣ್ತದೆ ನನಗೆ. ಅದು ನಿಂಗೂ ಕಾಣ್ಬೇಕಾ? ಏನು ಹುಚ್ಚು ಹಿಡಿದಿದೆಯಾ ನಿಂಗೆ?"

ಸಮಾತ್ ಕಡತ ಮುಚ್ಚಿದ. ಬಾಯಿಮಾತಿನಿಂದ ಇದು ಬಗೆಹರಿಯುವುದಿಲ್ಲ, ಅವತ್ತು ಹೇಗೆ ಮಾಡಿದಿರೋ ಹಾಗೇ ಎಲ್ಲರೆದುರು ಮಾಡಿ ತೋರಿಸಿ ಎಂದ. ರಾಜಧಾನಿ ಅಸ್ತಾನಾದಿಂದ ಒಬ್ಬ ತಜ್ಞರನ್ನು ಕರೆಸುತ್ತೇನೆ, ಆ ಕಡೆಯವರಿಗೂ ಬರುವ ಹಕ್ಕಿದೆ, ತಿಳಿಸುತ್ತೇನೆ ಎಂದ. ಆ ಕಡೆಯವರು ಎಂದರೆ ಕಾಯಿರ್‌ಗೆಲ್ದಿ.

ಹತ್ತು ದಿನದ ಮೇಲೆ, ಮಧ್ಯಾಹ್ನ ಎರಡು ಗಂಟೆಗೆ, ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಸೇರಿದರು. ಎಮ್ಮಾ ಫ್ರಿಡ್ರಿಖೊವ್ನಾ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಬಂದಿದ್ದರು. ಯೆರ್ಮೆಕ್‌ನನ್ನು ಬೇಡಿ ಬಿಚ್ಚಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಕಾಯಿರ್‌ಗೆಲ್ದಿ ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು. ಎತ್ತರದ ಮನುಷ್ಯ, ಒಂದು ಕಿವಿಯ ತನಕ ಕೆನ್ನೆಯೆಲ್ಲ ಸುಟ್ಟ ಗಾಯ ಮಾದಿತ್ತು. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡು, ಯಾರಿಗೂ ಸಲಾಮು ಹೇಳದೆ, ಗೋಡೆಗೆ ಒರಗಿ ಕೂತರು. ಕೋಣೆ ಅವತ್ತೂ ಇಪ್ಪತ್ತಮೂರು ಡಿಗ್ರಿಯೇ ಇತ್ತು.

ತಜ್ಞರು ಮಾತಿಲ್ಲದ ಮನುಷ್ಯ. ಡಬ್ಬಿಯ ಮೊಹರು ಒಡೆದು ಕಾಳು ಕೊಟ್ಟರು. ಮೊದಲು ಚಿಕ್ಕ ಭಾರದಲ್ಲಿ ಇಳಿಸಿದೆ: 0.31. ತಜ್ಞರು ಬರೆದುಕೊಂಡರು. ಯೆರ್ಮೆಕ್ ಕತ್ತು ಚಾಚಿ ನೋಡಿದ. ಆಮೇಲೆ ಕೊಳವೆ ಉಜ್ಜಿ, ಸೀಳಿದ ಪೈಪಿನಿಂದಲೇ ತಜ್ಞರು ಕೊಯ್ದು ತಂದಿದ್ದ ಕಪ್ಪು ಚೂರುಗಳನ್ನು ತುಂಬಿದೆ. ಅದು ಕರಗುವ ತನಕ ಕಾಯಬೇಕು. ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ಚಿಕ್ಕ ಭಾರದ ಮೇಲಿಟ್ಟೆ. ಐದು ಕಿಲೋ.

ಎಳೆ ಇಳಿಯತೊಡಗಿತು. ಪೈಪಿನ ಕೆಲಸ ಗೊತ್ತಿರುವವರಿಗೆ ತಕ್ಕಡಿಯೇ ಬೇಕಿರಲಿಲ್ಲ. ಅದು ನಿಧಾನಕ್ಕೆ, ಒಲ್ಲೆ ಒಲ್ಲೆ ಅನ್ನುತ್ತಾ ಇಳಿಯಬೇಕಾದದ್ದು, ಸರಸರನೆ ಇಳಿಯಿತು. ಯೆರ್ಮೆಕ್ ಸ್ಟೂಲಿನಿಂದ ಎದ್ದುಬಿಟ್ಟ. ಪೇದೆ ಹೆಗಲು ಒತ್ತಿ ಕೂರಿಸಿದ.

ಕತ್ತರಿಸಿದೆ, ತೂಗಿದೆ. ತಜ್ಞರು ತಾವೂ ಒಮ್ಮೆ ತೂಗಿದರು. "ಒಂದು ಪಾಯಿಂಟ್ ಎರಡು ಏಳು," ಎಂದರು. "ಇದು ಗ್ಯಾಸಿನ ಪೈಪಿಗೆ ಹಾಕುವ ಮಾಲಲ್ಲ. ಬೆಸುಗೆ ಹನ್ನೆರಡು ನಿಮಿಷ ಆರಿದ್ದರೂ ಇದು ಇವತ್ತಲ್ಲ ನಾಳೆ ಸೀಳುತ್ತಿತ್ತು."

"ಅಕ್ಕಾ, ಇನ್ನೊಂದು ಸಲ ಮಾಡು," ಎಂದ ಯೆರ್ಮೆಕ್. "ಇನ್ನೊಂದೇ ಸಲ."

ಸಮಾತ್ ತಲೆಯಾಡಿಸಿದ. ಮೊದಲಿನಿಂದ ಮಾಡಿದೆ. ಉಜ್ಜಿದೆ, ತುಂಬಿದೆ, ಕಾದೆ, ಬಿಲ್ಲೆ ಇಟ್ಟೆ, ಕತ್ತರಿಸಿದೆ, ತೂಗಿದೆ. ಒಂದು ಪಾಯಿಂಟ್ ಎರಡು ಆರು. ಯೆರ್ಮೆಕ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಎಲೆಕೋಸು ನಂದು," ಎಂದರು ಎಮ್ಮಾ ಫ್ರಿಡ್ರಿಖೊವ್ನಾ, ಯಾರೂ ಕೇಳದಿದ್ದರೂ. "ಭಾರ ತಗೋ ಅಂದೋಳು ನಾನು. ನನ್ನ ಹೆಸರೂ ಬರ್ಕೊಳ್ಳಿ." ಸಮಾತ್ ಬರೆದುಕೊಂಡ.

ಆಗ ಕಾಯಿರ್‌ಗೆಲ್ದಿ ಎದ್ದು ಮಿಷನ್ನಿನ ಹತ್ತಿರ ಬಂದರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರು ತುಂಡುಗಳನ್ನು ನೋಡಿದರು, ಗೋಡೆಯ ಗಡಿಯಾರ ನೋಡಿದರು.

"ಏನಮ್ಮಾ, ಈಗ ಮಾಡಿದೆಯಲ್ಲ, ಇದು. ಪೂರ್ತಿ, ಸರಿಯಾಗಿ ಮಾಡೋಕೆ ಎಷ್ಟು ಹೊತ್ತು ಹಿಡೀತು?"

"ಇಪ್ಪತ್ತು ನಿಮಿಷ, ಅಣ್ಣಾ."

"ಇಷ್ಟೇನಾ?"

"ಇಷ್ಟೇ."

ಅವರು ಟೋಪಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿದರು. "ಬೆಳಿಗ್ಗೆ ಅವಳಿಗೆ ಜಡೆ ಹೆಣೆಯೋಕೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕಾಗ್ತಿತ್ತು ನನಗೆ," ಎಂದರು. "ನಾನೇ ಹೆಣೀತಿದ್ದೆ. ಅಮ್ಮ ಎಳೀತಾಳೆ, ನೋವಾಗುತ್ತೆ ಅಂತಿದ್ಲು."

ಅಷ್ಟೇ ಹೇಳಿದ್ದು. ಬಾಗಿಲ ಕಡೆ ಹೋದವರು ಯೆರ್ಮೆಕ್‌ನ ಎದುರು ನಿಂತರು. ಅವನ ಬೆನ್ನ ಮೇಲೆ ಕೈಯಿಟ್ಟು, "ಏಳು ತಮ್ಮಾ, ಅಮ್ಮನ್ನ ನೋಡೋಗು. ಬಾಗಿಲಲ್ಲೇ ನಿಲ್ಲಿಸಿಬಿಟ್ಟಿದ್ದೆ ಅವರನ್ನ," ಎಂದರು. ಯೆರ್ಮೆಕ್‌ಗೆ ಏಳಲಾಗಲಿಲ್ಲ. ಕೂತಲ್ಲೇ ಅವರ ಸೊಂಟ ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟ. ಅವರು ಅವನ ತಲೆ ಸವರುತ್ತಾ ನಿಂತಿದ್ದರು.

ಸಮಾತ್ ನನ್ನ ಮುಂದೆ ಕಾಗದ ಇಟ್ಟ. ನನ್ನ ಹೆಸರು, ನನ್ನ ಅಪ್ಪನ ಹೆಸರು, ಹುಟ್ಟಿದ ದಿನಾಂಕ, ಮೇಲೆ ಆರೋಪಿ ಎಂಬ ಪದ. ಕರ್ಲಿಗಾಶ್ ಎಂದು ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಕೈ ನಡುಗಲಿಲ್ಲ. ನಾಚಿಕೆಯಾಯಿತು, ನಡುಗಲಿಲ್ಲವಲ್ಲ ಎಂದು.

ಇನ್ನು ಮನೆಗೆ ಹೋಗಬಹುದೇ ಎಂದು ಕೇಳಿದೆ. ಇವತ್ತು ಹೋಗಬಹುದು, ಊರು ಬಿಟ್ಟು ಹೋಗುವಂತಿಲ್ಲ, ಸೋಮವಾರ ಬೆಳಿಗ್ಗೆ ಹಾಜರಾಗಬೇಕು ಎಂದ. ಪೇದೆ ಯೆರ್ಮೆಕ್‌ನನ್ನು ಎಬ್ಬಿಸಿದ. ಬಿಡುಗಡೆಯ ಕಾಗದಕ್ಕೆ ಇನ್ನೂ ನ್ಯಾಯಾಧೀಶರ ಸಹಿ ಬೇಕಿತ್ತು, ಎರಡು ದಿನವಾಗುತ್ತದೆ ಎಂದರು. ಹೋಗುವ ಮುಂಚೆ ಅವನು ಒಂದು ಹೆಜ್ಜೆ ನನ್ನ ಕಡೆ ಬಂದು ನಿಂತ. ಅವನ ಕಣ್ಣಿನಲ್ಲಿ ಕೋಪ ಹುಡುಕಿದೆ. ಇರಲಿಲ್ಲ.

"ಅಕ್ಕಾ, ಮೊದಮೊದಲು ನಿದ್ದೆ ಬರಲ್ಲ," ಎಂದ ಮೆಲ್ಲಗೆ. "ಆಮೇಲೆ ಬರುತ್ತೆ. ಬಂದಾಗಲೇ ಜಾಸ್ತಿ ಕಷ್ಟ."